ಗೊತ್ತು ಕಣಕ್ಕ

ಕಳೆದ ಭಾನುವಾರ ಮನೆಯ ಸಂಪು ತೊಳೆಸಿದೆವು. ಮೈಸೂರಿನ ವಿಜಯನಗರದ ನಮ್ಮ ಬೀದಿಯಲ್ಲಿ ರಸ್ತೆ ಅಗೆದ ಮೇಲೆ ಹದಿನೈದು ದಿನ ನಲ್ಲಿಯಲ್ಲಿ ಕೆಂಪು ನೀರು ಬಂದಿತ್ತು. ನನ್ನ ಹೆಂಡತಿ ಸುಮಿತ್ರ ಹಟ ಹಿಡಿದಳು. ಇದ್ದ ನೀರನ್ನೆಲ್ಲ ಎತ್ತಿ ಹೊರಗೆ ಹಾಕಿ, ಗೋಡೆ ಉಜ್ಜಿಸಿ, ಕೊನೆಗೆ ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ಟನ್ನು ನಾನೇ ಒಳಗೆ ಸುರಿದೆ. ಮುಚ್ಚಳ ಹಾಕಲು ಬಗ್ಗಿದಾಗ ಆ ಘಾಟು ಮೂಗಿಗೆ ಹೊಡೆಯಿತು. ಬಗ್ಗಿದವನು ಹಾಗೇ ಇದ್ದುಬಿಟ್ಟೆ.

"ಏನ್ರೀ, ಸೊಂಟ ಹಿಡ್ಕೊಂಡ್ತಾ?" ಎಂದಳು ಸುಮಿತ್ರ.

"ಇಲ್ಲ ಕಣೆ."

"ಮತ್ತೆ? ಸಂಪ್ ಒಳಗೆ ಯಾರಾದ್ರೂ ಕೂತವ್ರಾ? ಮಾತಾಡಿಸ್ತಾ ಇರೋ ಹಂಗಿದೆ."

ನಕ್ಕು ಎದ್ದೆ. ಆದರೆ ಅವಳು ಅಂದದ್ದು ಪೂರ್ತಿ ಸುಳ್ಳಲ್ಲ. ಆ ಘಾಟು ನನ್ನ ಬದುಕಿನ ಒಂದು ವರ್ಷದ ವಾಸನೆ. ದಕ್ಷಿಣ ಸುಡಾನಿನಲ್ಲಿ ಅಂತರ್ಯುದ್ಧ ಮುಗಿಯುತ್ತಿದ್ದ ವರ್ಷ ನಾನು ಅಲ್ಲಿದ್ದೆ. ಆಗ ಸೈನ್ಯದಲ್ಲಿ ಹವಾಲ್ದಾರ, ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅನ್ನುವ ಹಾಗೆ, ಇನ್ನೂ ಬಾರದ ಶಾಂತಿಯನ್ನು ಕಾಯುವುದಕ್ಕೆ ನಮ್ಮ ತುಕಡಿಗೆ ನೀಲಿ ಟೋಪಿ ಹಾಕಿ ಕಳಿಸಿದ್ದರು.

ಯುದ್ಧದ ನಾಡಿನಲ್ಲಿದ್ದು ಬಂದವನು ಅಂದರೆ ಜನ ಮೊದಲು ಕೇಳುವುದು, ಎಷ್ಟು ಗುಂಡು ಹಾರಿಸಿದಿರಿ ಅಂತ. ನಾನು ಒಂದೂ ಹಾರಿಸಲಿಲ್ಲ. ನಾನು ನೀರು ಬಿಡುತ್ತಿದ್ದೆ. ಹಾಗಂದ ತಕ್ಷಣ ಕೇಳಿದವರ ಮುಖ ಸಪ್ಪಗಾಗುತ್ತದೆ, ಕಾಫಿ ಲೋಟ ಕೆಳಗಿಟ್ಟು ಮಾತು ಬದಲಾಯಿಸುತ್ತಾರೆ.

ನಮ್ಮ ಶಿಬಿರ ನೈಲ್ ನದಿಯ ದಡದಲ್ಲಿತ್ತು. ಅದಕ್ಕೆ ಅಂಟಿಕೊಂಡೇ, ಆಳೆತ್ತರದ ಮಣ್ಣಿನ ಏರಿಯ ಒಳಗೆ, ಮನೆ ಮಠ ಬಿಟ್ಟು ಓಡಿಬಂದ ಸಾವಿರಾರು ಜನ ಟಾರ್ಪಾಲಿನ ಕೆಳಗೆ ಬದುಕುತ್ತಿದ್ದರು. ನಾಲ್ಕು ವರ್ಷದಿಂದ ಅಲ್ಲೇ ಇದ್ದವರು. ಏರಿ ದಾಟಿದರೆ ಯಾವ ಕಡೆಯವರ ಬಂದೂಕು ಯಾವಾಗ ಎದುರಾಗುತ್ತದೋ ಹೇಳುವ ಹಾಗಿರಲಿಲ್ಲ. ನದಿಯ ನೀರನ್ನು ಪಂಪಿನಿಂದ ಎತ್ತಿ, ಪಟಿಕ ಹಾಕಿ ಕೆಸರು ಇಳಿಸಿ, ಬ್ಲೀಚಿಂಗ್ ಬೆರೆಸಿ, ಬೆಳಿಗ್ಗೆ ಆರಕ್ಕೆ ಅವರ ನಲ್ಲಿಗಳಿಗೆ ಬಿಡುವುದು ನನ್ನ ಕೆಲಸ. ಒಂದು ದಿನ ಬೆರಕೆ ತಪ್ಪಿದರೆ ಮಕ್ಕಳಿಗೆ ಭೇದಿ. ಅದಕ್ಕೇ ಗುಂಡಿನ ಸದ್ದಿಗಿಂತ ಆ ಬಿಳಿ ಪುಡಿಯ ಲೆಕ್ಕ ನನ್ನನ್ನು ಹೆಚ್ಚು ಹೆದರಿಸುತ್ತಿತ್ತು.

ತುಕಡಿಯಲ್ಲಿ ಕನ್ನಡದವನು ನಾನೊಬ್ಬನೇ. ಹುಬ್ಬಳ್ಳಿ ಕಡೆಯ ಇನ್ನೊಬ್ಬನಿದ್ದ. ಬಂದ ವಾರದಲ್ಲೇ ಅವನನ್ನು ರಾಜಧಾನಿಗೆ ಹಾಕಿದರು. ಆಮೇಲೆ ದಿನವಿಡೀ ಹಿಂದಿ. ಇಪ್ಪತ್ತೈದು ವರ್ಷ ಆಡಿದ ಭಾಷೆ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರಲ್ಲಿ ನನಗೆ ವರದಿ ಒಪ್ಪಿಸಲು ಬರುತ್ತದೆ, ಇಸ್ಪೀಟಾಡುತ್ತಾ ಜಗಳವಾಡಲು ಬರುತ್ತದೆ, ಅದರಾಚೆ ಹೋಗಲು ಬರುವುದಿಲ್ಲ. ಮನೆಗೆ ವಾರಕ್ಕೊಮ್ಮೆ ಫೋನು. ಸುಮಿತ್ರ ಅರ್ಧ ವಾಕ್ಯ ಹೇಳುವಷ್ಟರಲ್ಲಿ ಲೈನು ಹೋಗುತ್ತಿತ್ತು. ಮಿಕ್ಕ ಆರು ದಿನ ನನ್ನ ಕನ್ನಡವನ್ನೆಲ್ಲ ಡೀಸೆಲ್ ಪಂಪಿನ ಮೇಲೆ ಸುರಿಯುತ್ತಿದ್ದೆ. ಅದಕ್ಕೆ ನಮ್ಮ ಹೂಟಗಳ್ಳಿಯ ಬೈಗುಳವೆಲ್ಲ ಬಾಯಿಪಾಠವಾಗಿತ್ತು.

ಹಾಗಿರುವಾಗ ಫೆಬ್ರವರಿಯ ಒಂದು ಬೆಳಿಗ್ಗೆ ನ್ಯಾಮಾಲ್ ಸಿಕ್ಕಿದಳು. ಶಿಬಿರದ ತೆಂಕಣ ತುದಿಯಲ್ಲಿ ಆರು ನಲ್ಲಿಗಳ ಒಂದು ಸಾಲಿತ್ತು. ಪ್ರತಿ ಸಾಲಿಗೂ ಅಲ್ಲಿನ ಜನರೇ ಒಬ್ಬರನ್ನು ಆರಿಸಿ ಬೀಗದ ಕೈ ಕೊಡುತ್ತಿದ್ದರು. ನಾನು ದೊಡ್ಡ ವಾಲ್ವು ತಿರುಗಿಸಬೇಕು, ಅವರು ನಲ್ಲಿಯ ಬೀಗ ತೆಗೆಯಬೇಕು. ತೆಂಕಣ ಸಾಲಿನ ಬೀಗ ಅವಳ ಕೈಯಲ್ಲಿತ್ತು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬೇಕು, ನನಗಿಂತ ಒಂದು ಗೇಣು ಎತ್ತರ, ಬಾಯಲ್ಲಿ ಉದ್ದನೆಯ ಚಿಲುಮೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರ ನುಯೆರ್ ಭಾಷೆಯಲ್ಲಿ ಏನೋ ಅಂದಳು. ದುಭಾಷಿ ಗಾಟ್ವೆಚ್ ಮೇಷ್ಟ್ರು ಅವತ್ತು ಬಂದಿರಲಿಲ್ಲ. ಯುದ್ಧಕ್ಕೆ ಮುಂಚೆ ಭೂಗೋಳ ಪಾಠ ಮಾಡುತ್ತಿದ್ದ ಅವರಿಗೆ ಇಂಗ್ಲಿಷ್ ಗೊತ್ತಿತ್ತು, ಸರತಿಯಲ್ಲಿ ಜಗಳವಾದರೆ ಮಾತ್ರ ಅವರನ್ನು ಕರೆಸುತ್ತಿದ್ದರು. ಅವಳಿಗೆ ಹಿಂದಿಯಲ್ಲಿ ಉತ್ತರ ಕೊಡಲೋ ಇಂಗ್ಲಿಷಿನಲ್ಲೋ ಅಂತ ಯೋಚಿಸಿದೆ. ಯಾವುದರಲ್ಲಿ ಹೇಳಿದರೂ ಅವಳಿಗೆ ತಿಳಿಯುವುದಿಲ್ಲ. ಹಾಗಾದ ಮೇಲೆ ಕನ್ನಡ ಏನು ಪಾಪ ಮಾಡಿದೆ?

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬಾರಕ್ಕ, ತೆಗಿ ಬೀಗ" ಅಂದೆ.

ಎಷ್ಟು ದಿನದ ಮೇಲೆ ಒಬ್ಬರ ಮುಖ ನೋಡಿಕೊಂಡು ಆಡಿದ ಕನ್ನಡ! ಅವಳು ಚಿಲುಮೆ ತೆಗೆದು, ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿ ಬೀಗ ತೆಗೆದಳು.

ಅಲ್ಲಿಂದ ಶುರು. ಪಕ್ಕದ ಸಾಲುಗಳಿಗೆ ನೀರು ಬಿಟ್ಟು ಅವಳ ಸಾಲಿಗೆ ಕೊನೆಗೆ ಬರುತ್ತಿದ್ದೆ, ಅಲ್ಲಿ ಅರ್ಧ ಗಂಟೆ ನಿಲ್ಲಬಹುದು ಅಂತ. ದೂರದಿಂದಲೇ ನಮ್ಮ ಬೀದಿಯ ಹೆಂಗಸರ ಹಾಗೆ "ನೀರು ಬಂತು, ನೀರು ಬಂತು" ಅಂತ ಕೂಗುತ್ತಿದ್ದೆ. ಹತ್ತು ದಿನದಲ್ಲಿ ಅದೇ ನನ್ನ ಹೆಸರಾಯಿತು. ನೀರುಬಂತು. ಹಳದಿ ಕ್ಯಾನು ಹಿಡಿದು ಸರತಿಯಲ್ಲಿ ನಿಂತ ಹೆಂಗಸರೆಲ್ಲ ನನ್ನನ್ನು ಹಾಗೇ ಕರೆಯುತ್ತಿದ್ದರು. ಕ್ಯಾನು ತುಂಬಿದಾಗ ನಾನು "ಸಾಕು" ಅನ್ನುತ್ತಿದ್ದೆ, ಅವರು "ಸಾಕು ಸಾಕು" ಎಂದು ಪಕ್ಕದವಳಿಗೆ ಗದರುತ್ತಿದ್ದರು.

ನಾನು ನ್ಯಾಮಾಲಳ ಹತ್ತಿರ ಏನು ಮಾತಾಡುತ್ತಿದ್ದೆ? ಎಲ್ಲವನ್ನೂ. ಹೂಟಗಳ್ಳಿಯಲ್ಲಿ ನಮ್ಮ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಾರ್ಖಾನೆಯ ಸೈಕಲ್ ಸ್ಟ್ಯಾಂಡು ಇರುವುದು. ಸುಬೇದಾರ್ ಸಾಹೇಬರ ಗೊರಕೆ. ಒಂದು ದಿನ ಅವಳು ಮನೆಯಿಂದ ಜೋಳದ ಗಟ್ಟಿ ಮುದ್ದೆ ತಂದು ಕೊಟ್ಟಳು. ನಾನು ಅಗಿಯದೆ ಮುರಿದು ನುಂಗಿದ್ದು ನೋಡಿ ಇಡೀ ಸರತಿ ಬಿದ್ದು ಬಿದ್ದು ನಕ್ಕಿತು. ನನ್ನ ಅವ್ವ ಸತ್ತಾಗ ನಾನು ಗಡಿಯಲ್ಲಿದ್ದೆ, ಬರುವಷ್ಟರಲ್ಲಿ ಚಿತೆ ಆರಿ ಮೂರು ದಿನವಾಗಿತ್ತು. ಮನೆಯಲ್ಲಿ ಆ ಮಾತು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದವನು ನಾನು. ಸುಮಿತ್ರಳ ಮುಂದೆ ಆಡದ ಆ ಮಾತನ್ನು ನ್ಯಾಮಾಲಳ ಮುಂದೆ ಆಡಿದೆ. ಏರಿಯ ಮೇಲೆ ಬೋಳುತಲೆಯ ದೊಡ್ಡ ಕೊಕ್ಕರೆಗಳು ಸಾಲಾಗಿ ಕೂತಿದ್ದವು. ಅವಳು ಒಂದು ಕ್ಯಾನು ಸರಿಸಿ ಇನ್ನೊಂದು ಇಡುತ್ತಾ ಕೇಳಿಸಿಕೊಂಡಳು.

ಅವಳೂ ಮಾತಾಡುತ್ತಿದ್ದಳು. ನನ್ನದು ಮುಗಿದ ಮೇಲೆ ಅವಳದು. ಚಿಲುಮೆಯನ್ನು ನದಿಯ ಕಡೆ ಚಾಚಿ, ಕೈ ಎತ್ತಿ ಯಾವುದೋ ಎತ್ತರ ತೋರಿಸಿ, ಹಣೆಯ ಮೇಲೆ ಬೆರಳಿಂದ ಗೀರು ಎಳೆದು, ಉದ್ದಕ್ಕೆ ಹೇಳುತ್ತಿದ್ದಳು. ನನ್ನ ಪಾಲಿಗೆ ನಾನು ಹೂಂಗುಟ್ಟುತ್ತಿದ್ದೆ. ಯಾರಾದರೂ ಮಾತಾಡುವಾಗ ಹೂಂ ಅನ್ನದೆ ಕೂರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕಥೆ ಹೇಳುವ ಅಜ್ಜಿ ಕೂಡ ಹೂಂಗುಟ್ಟದಿದ್ದರೆ ನಿಲ್ಲಿಸಿಬಿಡುತ್ತಿದ್ದಳು. ಅವಳ ಮಾತಿನಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು. ನನ್ನ ಕಿವಿಗೆ ಅದು "ಗೊತ್ತಾ, ಗೊತ್ತಾ" ಅಂತ ಕೇಳಿಸುತ್ತಿತ್ತು. ನಮ್ಮ ಕಡೆಯವರು ಮಾತಿಗೊಂದು ಸಲ "ಗೊತ್ತಾ?" ಅನ್ನುತ್ತಾರಲ್ಲ, ಥೇಟ್ ಹಾಗೇ. ಮೊದಲ ಸಲ ಕೇಳಿದಾಗ ನಗು ತಡೆಯಲಾಗಲಿಲ್ಲ.

"ಗೊತ್ತು ಕಣಕ್ಕ, ಗೊತ್ತು" ಅಂದೆ.

ಅವಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಇನ್ನೂ ಹತ್ತಿರ ಸರಿದು ಮೊದಲಿಂದ ಹೇಳತೊಡಗಿದಳು. ಅವತ್ತಿನಿಂದ ಅವಳು ಗೊತ್ತಾ ಅನ್ನುವುದು, ನಾನು ಗೊತ್ತು ಅನ್ನುವುದು, ಇದು ನಮ್ಮ ಆಟ ಅಂದುಕೊಂಡೆ. ಗಾಟ್ವೆಚ್ ಮೇಷ್ಟ್ರನ್ನು ಒಂದು ದಿನ ನಿಲ್ಲಿಸಿ, ಇವಳು ಏನು ಹೇಳುತ್ತಾಳೆ ಅಂತ ಕೇಳಬಹುದಿತ್ತು. ಕೇಳಲಿಲ್ಲ. ನಿಜ ಹೇಳಬೇಕೆಂದರೆ ಕೇಳುವ ಮನಸ್ಸಿರಲಿಲ್ಲ. ತಿಳಿದರೆ ಜವಾಬು ಕೊಡಬೇಕಾಗುತ್ತದೆ. ತಿಳಿಯದೆ ಕೂತಿರುವುದು ನನಗೆ ಹಿತವಾಗಿತ್ತು.

ಮೇ ತಿಂಗಳಲ್ಲಿ ಮಳೆ ಹಿಡಿಯಿತು. ಅಲ್ಲಿನ ಎರೆಮಣ್ಣು ನೆಂದರೆ ಬೂಟು ಕಾಲಿನಿಂದ ಕಳಚಿಕೊಳ್ಳುತ್ತದೆ, ಲಾರಿ ಹೂತರೆ ವಾರಗಟ್ಟಲೆ ಅಲ್ಲೇ. ಯುದ್ಧವೂ ಮಳೆಗೆ ಕೆಸರಲ್ಲಿ ಹೂತುಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಅದು ಸುಳ್ಳಾಯಿತು. ಏಳು ಗಂಟೆಯ ಹೊತ್ತು, ನಲ್ಲಿ ಆರೂ ಹರಿಯುತ್ತಿವೆ, ಏರಿಯ ಆಚೆಯಿಂದ ಗುಂಡು ಶುರುವಾಯಿತು. ಯಾರು ಯಾರಿಗೆ ಹೊಡೆಯುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ. ಹೆಂಗಸರು ಕ್ಯಾನು ಬಿಸಾಡಿ ನೆಲಕ್ಕೆ ಬಿದ್ದರು. ನಾನೂ ಬಿದ್ದೆ. ತಲೆ ಎತ್ತಿ ನೋಡಿದರೆ ನ್ಯಾಮಾಲ್ ನಿಂತೇ ಇದ್ದಾಳೆ. ಒಂದೊಂದೇ ನಲ್ಲಿ ಮುಚ್ಚುತ್ತಿದ್ದಾಳೆ.

"ಬುಡಕ್ಕ ಅದ್ನ! ಮಲ್ಕ! ನೀರು ಹೋದ್ರೆ ಹೋಗ್ಲಿ ಬುಡು!" ಅಂತ ಕಿರುಚಿದೆ.

ಆರನೆಯದನ್ನೂ ಮುಚ್ಚಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಆಮೇಲೆ ನನ್ನ ಪಕ್ಕ ಕೆಸರಲ್ಲಿ ಮಲಗಿದಳು. ಬಾಯಿಗೆ ಬಂದಂತೆ ಬೈದೆ. ಅವಳು ಕೆಸರು ಮೆತ್ತಿದ ಮುಖ ನನ್ನ ಕಡೆ ತಿರುಗಿಸಿ "ಸಾಕು" ಅಂದಳು. ಬೈದದ್ದು ಸಾಕು ಅಂದಳೋ, ನೀರು ಹೋದದ್ದು ಸಾಕು ಅಂದಳೋ ತಿಳಿಯದು. ಗುಂಡು ನಿಂತ ಮೇಲೆ ನಮ್ಮ ರಬ್ಬರ್ ಟ್ಯಾಂಕಿನ ಎರಡು ತೂತಿಗೆ ಪಟ್ಟಿ ಹಾಕುತ್ತಾ ಅವತ್ತು ಸಂಜೆವರೆಗೂ ಕಳೆದೆ. ಜನಕ್ಕೆ ಏನೂ ಆಗಿರಲಿಲ್ಲ.

ಹೊರಡುವಾಗ ದಿನಾ "ಬತ್ತೀನಿ ಕಣಕ್ಕ" ಅನ್ನುತ್ತಿದ್ದೆ. ಅದು ಅವ್ವ ಕಲಿಸಿದ ಪಾಠ. ಹತ್ತೊಂಬತ್ತರಲ್ಲಿ ಸೈನ್ಯಕ್ಕೆ ಸೇರಲು ಟ್ರಂಕು ಹಿಡಿದು ಹೊರಟಾಗ, ಬಸ್ ಸ್ಟಾಪಿನಲ್ಲಿ "ಓಯ್ತೀನಿ ಕಣವ್ವ" ಅಂದುಬಿಟ್ಟಿದ್ದೆ. ಎಲ್ಲರ ಎದುರಿಗೇ ಕೆನ್ನೆಗೆ ಒಂದು ಬಿಟ್ಟಳು. "ಓಯ್ತೀನಿ ಅಂತಾರೇನ್ಲಾ? ಬತ್ತೀನಿ ಅನ್ನು" ಅಂದಳು. ಅಂದೆ. ಅಲ್ಲಿಂದ ಯಾವ ಊರು ಬಿಟ್ಟರೂ, ಮತ್ತೆ ಯಾವತ್ತೂ ಕಾಲಿಡದ ಊರು ಬಿಟ್ಟರೂ, ಬತ್ತೀನಿ ಅಂತಲೇ ಹೇಳಿ ಬಿಟ್ಟಿದ್ದೇನೆ. ನ್ಯಾಮಾಲಳಿಗೆ ಆ ಮಾತು ಬೇಗ ಹಿಡಿಯಿತು. ನಾನು ಬತ್ತೀನಿ ಅಂದು ಹೋಗುತ್ತಿದ್ದೆ, ಮಾರನೆ ಬೆಳಿಗ್ಗೆ ಬರುತ್ತಿದ್ದೆ. ಮಾತಿನ ಅರ್ಥ ಕಲಿಯಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕೆ?

ಮಳೆಗಾಲದ ಕೊನೆಗೆ ದೂರದ ಯಾವುದೋ ಊರಿನಲ್ಲಿ ಒಪ್ಪಂದಕ್ಕೆ ರುಜು ಬಿತ್ತು. ರೇಡಿಯೊದಲ್ಲಿ ಸುದ್ದಿ ಬಂದಾಗ ಶಿಬಿರದಲ್ಲಿ ನಗಾರಿ ಹೊಡೆದರು, ಕುಣಿದರು. ಅರ್ಧ ದಿನದ ಮೇಲೆ ಸದ್ದಡಗಿತು. ಇಂಥ ರುಜು ಹಿಂದೆಯೂ ಬಿದ್ದಿತ್ತಂತೆ. ಯುದ್ಧ ಮುಗಿಯುವುದು ಮಳೆ ನಿಂತ ಹಾಗೆ ತಿಳಿಯುವುದಿಲ್ಲ. ಗುಂಡಿನ ಸದ್ದು ವಾರಕ್ಕೊಂದಾಗಿ, ತಿಂಗಳಿಗೊಂದಾಗಿ, ಕೊನೆಯದು ಯಾವುದು ಅಂತ ಯಾರೂ ಗುರುತು ಹಾಕಿಕೊಂಡಿರುವುದಿಲ್ಲ.

ಅದೇ ಹೊತ್ತಿಗೆ ನಮ್ಮ ತುಕಡಿಯ ಅವಧಿ ಮುಗಿಯಿತು. ಕೊನೆಯ ದಿನ ಮೇಷ್ಟ್ರು ಯಾವುದೋ ಸಭೆಗೆ ಹೋಗಿದ್ದರು. ನಾನು ಟ್ರಂಕು ಎತ್ತುವ ಹಾಗೆ, ವಿಮಾನ ಹಾರುವ ಹಾಗೆ ಕೈಸನ್ನೆ ಮಾಡಿ ನ್ಯಾಮಾಲಳಿಗೆ ತಿಳಿಸಿದೆ. ಅವಳಿಗೆ ತಿಳಿಯಿತು. ನನ್ನ ಮಣಿಕಟ್ಟು ಹಿಡಿದು, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿದಳು. ಅವತ್ತು ಮಾತಾಡಿದಷ್ಟು ಅವಳು ಯಾವತ್ತೂ ಮಾತಾಡಿರಲಿಲ್ಲ. ನದಿಯನ್ನು ತೋರಿಸಿದಳು, ಹಣೆಯ ಮೇಲೆ ಗೀರು ಎಳೆದಳು, ಗೊತ್ತಾ, ಗೊತ್ತಾ ಅಂದಳು. ಕೊನೆಗೆ ಕುತ್ತಿಗೆಯಿಂದ ಒಂದು ನೀಲಿ ಮಣಿಸರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿ, ಪ್ರಶ್ನೆ ಕೇಳುವ ಹಾಗೆ ನನ್ನ ಮುಖ ನೋಡಿದಳು.

ನನ್ನ ಕಣ್ಣಲ್ಲಿ ನೀರು. ಎಂಟು ತಿಂಗಳ ಸ್ನೇಹಕ್ಕೆ ಉಡುಗೊರೆ ಕೊಟ್ಟಳು ಅಂದುಕೊಂಡೆ.

"ಗೊತ್ತು ಕಣಕ್ಕ. ಆಯ್ತು. ಬತ್ತೀನಿ" ಅಂದೆ.

ಮೈಸೂರಿಗೆ ಬಂದೆ, ನಿವೃತ್ತಿಯ ಕಾಗದಗಳಾದವು. ವಿಜಯನಗರದ ಮನೆಯಲ್ಲಿ ಬೆಳಿಗ್ಗೆ ಐದಕ್ಕೇ ಎಚ್ಚರ. ಬಿಡಬೇಕಾದ ನೀರಿಲ್ಲ, ತಿರುಗಿಸಬೇಕಾದ ವಾಲ್ವಿಲ್ಲ. ಸುತ್ತ ಎಲ್ಲರೂ ಕನ್ನಡವೇ ಆಡುತ್ತಿದ್ದರು. ಹಾಲಿನವನು, ಪಕ್ಕದ ಮನೆಯವರು, ಪಾರ್ಕಿನಲ್ಲಿ ಕೂತ ನನ್ನ ವಯಸ್ಸಿನವರು. ಅವರ ಜೊತೆ ನನಗೆ ಮಾತು ಹೊರಡುತ್ತಿರಲಿಲ್ಲ. ತಿಳಿಯುವವರ ಹತ್ತಿರ ಆಡುವುದು ಕಷ್ಟ ಅಂತ ಆಗ ಗೊತ್ತಾಯಿತು. ಮಣಿಸರವನ್ನು ಸುಮಿತ್ರ ಹಾಲ್‌ನ ಶೋಕೇಸಿನಲ್ಲಿ, ನನ್ನ ಪದಕಗಳ ಪಕ್ಕ ಇಟ್ಟಿದ್ದಳು. ಬಂದವರಿಗೆಲ್ಲ "ಅಲ್ಲಿನವ್ರು ಪ್ರೀತಿಯಿಂದ ಕೊಟ್ಟಿದ್ದು" ಅಂತ ತೋರಿಸುತ್ತಿದ್ದಳು.

ಎರಡು ತಿಂಗಳ ಮೇಲೆ ಗಾಟ್ವೆಚ್ ಮೇಷ್ಟ್ರಿಂದ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂತು. ನಿಧಾನದ ಇಂಗ್ಲಿಷು, ಪಾಠ ಹೇಳುವ ಧಾಟಿ.

"ಮಿಸ್ಟರ್ ನೀರುಬಂತು, ಚೆನ್ನಾಗಿದ್ದೀರಾ? ಇಲ್ಲಿ ಜನ ತಮ್ಮ ಊರುಗಳಿಗೆ ಹೊರಡುತ್ತಿದ್ದಾರೆ. ತೆಂಕಣ ಸಾಲಿನ ಜನವೆಲ್ಲ ಹೋದರು, ನಲ್ಲಿ ಮುಚ್ಚಿದರು. ನ್ಯಾಮಾಲಳ ತಂಗಿಯ ಮನೆಯವರು ಮುಂದಿನ ದೋಣಿಗೆ ಹೆಸರು ಬರೆಸಿದ್ದಾರೆ. ಅವಳು ಹತ್ತುವುದಿಲ್ಲ ಅನ್ನುತ್ತಾಳೆ. ನೀವು ಅವಳ ಮಗನನ್ನು ಹುಡುಕಲು ಹೋಗಿದ್ದೀರಂತೆ. ಬತ್ತೀನಿ ಎಂದಿದ್ದೀರಂತೆ. ದಿನಾ ಬೆಳಿಗ್ಗೆ ಆ ಒಣ ನಲ್ಲಿಯ ಹತ್ತಿರ ಕೂರುತ್ತಾಳೆ. ಅವನ ವಿಷಯ ಏನಾದರೂ ತಿಳಿಯಿತೇ? ಇದಾದ ಮೇಲೆ ದೋಣಿ ಯಾವಾಗಲೋ ಗೊತ್ತಿಲ್ಲ. ಖಾಲಿ ಶಿಬಿರದಲ್ಲಿ ಒಂಟಿ ಹೆಂಗಸು ಇರುವುದು ಕ್ಷೇಮವಲ್ಲ."

ಮಗ? ಯಾವ ಮಗ? ಮೇಷ್ಟ್ರಿಗೆ ಫೋನು ಮಾಡಿದೆ. ಒಂದೊಂದೇ ಬಿಡಿಸಿ ಹೇಳಿದರು. ಯುದ್ಧದ ಮೊದಲ ವರ್ಷ ಅವಳ ಒಬ್ಬನೇ ಮಗ ಚುವೋಲ್, ಹತ್ತೊಂಬತ್ತು ವರ್ಷದವನು, ಹಣೆಯ ಮೇಲೆ ಅವರ ಕುಲದ ಆರು ಗೀರು ಹಾಕಿಸಿಕೊಂಡವನು, ನದಿ ದಾಟಿ ಹೋದವನು ಬರಲಿಲ್ಲ. ಸತ್ತ ಅಂತ ಹೇಳಿದವರೂ ಇಲ್ಲ, ಕಂಡೆ ಅಂದವರೂ ಇಲ್ಲ. ಎಂಟು ತಿಂಗಳು ಅವಳು ನನಗೆ ಹೇಳಿದ್ದೆಲ್ಲ ಅವನನ್ನೇ. ಆ ಮಣಿಸರ ಅವನದು. ನಾನು ಅವನನ್ನು ಕಂಡರೆ ತೋರಿಸಲಿ, ತಾಯಿಯೇ ಕಳಿಸಿದ್ದು ಅಂತ ಅವನು ನಂಬಲಿ ಅಂತ ಕೊಟ್ಟದ್ದು.

"ಮೇಷ್ಟ್ರೇ, ಅವಳು ಗೊತ್ತಾ ಗೊತ್ತಾ ಅನ್ನುತ್ತಿದ್ದಳಲ್ಲ, ಹಾಗಂದರೆ ಏನು?" ಎಂದು ಕೇಳಿದೆ.

"ಗಾತ್ದಾ? ನನ್ನ ಮಗ ಅಂತ" ಎಂದರು.

ನನ್ನ ಮಗ, ನನ್ನ ಮಗ ಅಂತ ಅವಳು ಅಂದಾಗಲೆಲ್ಲ ನಾನು ಗೊತ್ತು, ಗೊತ್ತು ಅಂದಿದ್ದೆ. ನಗುತ್ತಲೇ ಅಂದಿದ್ದೆ.

ನಾಲ್ಕು ದಿನ ಯಾವ ಉತ್ತರವನ್ನೂ ಕಳಿಸಲಿಲ್ಲ. ಊಟ ಸೇರಲಿಲ್ಲ. ಐದನೆಯ ದಿನ ಸುಮಿತ್ರ ತಟ್ಟೆ ಮುಂದಿಟ್ಟುಕೊಂಡು ಕೂತು, ಬಾಯಿ ಬಿಡಿಸಿದಳು. ಎಲ್ಲ ಹೇಳಿದೆ.

"ಇಪ್ಪತ್ತು ವರ್ಷದಿಂದ ನನ್ನ ಮಾತಿಗೂ ಹಿಂಗೇ ಹೂಂ ಅಂದಿದ್ದು ತಾನೇ? ನಾನು ಏನೇನು ಕೇಳಿದ್ನೋ, ನೀವು ಏನೇನು ಒಪ್ಕೊಂಡ್ರೋ" ಎಂದಳು. ಆಮೇಲೆ ದನಿ ತಗ್ಗಿಸಿ, "ತಿಳೀಲಿಲ್ಲ ಅಂತ ಹೇಳ್ಬುಡಿ ಕಣ್ರೀ. ಅದ್ರಲ್ಲೇನು ಅವಮಾನ? ಅಲ್ಲಿ ಆಯಮ್ಮ ದಿನಾ ಬಂದು ಕೂತ್ಕೊತಾವ್ಳೆ" ಎಂದಳು.

ಬರೀ ಅವಮಾನದ ಮಾತಾಗಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ. ನನ್ನನ್ನು ಕೇಳಿಸಿಕೊಂಡ ಒಂದು ಜೀವಕ್ಕೆ, ನಾನು ನಿನ್ನನ್ನು ಕೇಳಿಸಿಕೊಂಡಿರಲಿಲ್ಲ ಅಂತ ಹೇಳಬೇಕಿತ್ತು. ಹೇಳಿದೆ. ಫೋನು ಬಾಯಿಯ ಹತ್ತಿರ ಹಿಡಿದು ಕನ್ನಡದಲ್ಲೇ ಹೇಳಿದೆ, ಜೊತೆಗೆ ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಅರ್ಥ ಕಳಿಸಿದೆ. "ಅಕ್ಕ, ನಿನ್ನ ಭಾಷೆ ನಂಗೆ ಬರಲ್ಲ. ನಿನ್ನ ಒಂದು ಮಾತೂ ನಂಗೆ ತಿಳೀಲಿಲ್ಲ. ನಿನ್ ಮಗನ್ನ ನಾನು ಹುಡುಕ್ತಾ ಇಲ್ಲ. ನಾನು ಮನೇಲಿ ಕೂತಿದ್ದೀನಿ. ನಾನು ಬರಲ್ಲ ಕಣಕ್ಕ. ತಪ್ಪಾಯ್ತು." ಬರಲ್ಲ ಅನ್ನುವ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ಹೇಳಿದ್ದು.

ಮಾರನೆಯ ದಿನ ಮೇಷ್ಟ್ರ ಉತ್ತರ ಬಂತು. ನನ್ನ ದನಿ ಕೇಳುತ್ತಾ ಅವಳು ನಡುನಡುವೆ ಹೂಂ, ಹೂಂ ಅಂದಳಂತೆ, ನನ್ನಿಂದ ಕಲಿತ ಹೂಂ. ಅರ್ಥ ಹೇಳಿದಾಗ ಚಿಲುಮೆಯನ್ನು ಪೂರ್ತಿ ಸೇದಿ ಮುಗಿಸಿದಳಂತೆ. ಆಮೇಲೆ ಹೇಳಿದ್ದು ಇಷ್ಟು. "ಅವನ ಮಾತೂ ನನಗೆ ಒಂದು ದಿನವೂ ತಿಳಿಯಲಿಲ್ಲ. ಆದರೂ ಕೇಳಿದೆ. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಯಾರೂ ಹುಡುಕದ ಮಗನನ್ನು ಬಿಟ್ಟು ನಾನು ಹೇಗೆ ದೋಣಿ ಹತ್ತಲಿ? ಹುಡುಕಿದೆ, ಸಿಗಲಿಲ್ಲ ಅಂತ ಒಬ್ಬ ಗಂಡಸು ಹೇಳಬೇಕು. ಈ ನಾಲ್ಕು ವರ್ಷದಲ್ಲಿ ಯಾರೂ ಹೇಳಲಿಲ್ಲ. ಅವನು ಹೇಳಲಿ. ಹೇಳಿದರೆ ಹತ್ತುತ್ತೇನೆ."

ದೋಣಿಗೆ ಆರು ದಿನವಿತ್ತು. ಒಂದು ಸುಳ್ಳು ಹೇಳಿದರೆ ಅವಳು ಬದುಕುತ್ತಾಳೆ. ಸೈನ್ಯದಲ್ಲಿ ಆಗದ ಗಸ್ತನ್ನು ಆಯಿತು ಅಂತ ಎಷ್ಟೋ ಸಲ ಬರೆದಿದ್ದೇನೆ. ಆದರೆ ಈ ಸಲ ಫೋನು ಹಿಡಿದು ಕೂತರೆ ನಾಲಿಗೆ ಏಳಲಿಲ್ಲ. ಅವಳಿಗೆ ಎಂಟು ತಿಂಗಳು ಸುಳ್ಳು ಹೂಂ ಕೊಟ್ಟಿದ್ದೆ, ಅದರ ಮೇಲೆ 'ಹುಡುಕಿದೆ' ಅನ್ನುವುದೂ ಸುಳ್ಳಾಗಬೇಕೆ? ಎದ್ದೆ. ಶೋಕೇಸಿನಿಂದ ಮಣಿಸರ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ.

"ಎಲ್ಲಿಗ್ರೀ?" ಎಂದಳು ಸುಮಿತ್ರ.

"ಹುಡುಕೋಕೆ."

ಅವಳು ಬೇರೆ ದಿನವಾಗಿದ್ದರೆ ನಗುತ್ತಿದ್ದಳು. "ಹೆಲ್ಮೆಟ್ ಹಾಕ್ಕೊಳ್ಳಿ" ಅಂದಳು ಅಷ್ಟೇ.

ಸ್ಕೂಟರ್ ಹತ್ತಿ ಹಿನಕಲ್ ದಾಟಿದೆ. ಹುಣಸೂರು ರಸ್ತೆ ಹಿಡಿದು ಹೂಟಗಳ್ಳಿಗೆ ಹೋದೆ. ಕಾರ್ಖಾನೆಯ ರಾತ್ರಿ ಪಾಳಿಯ ಜನ ಹೊರಗೆ ಬರುತ್ತಿದ್ದರು. ಗೇಟಿನ ಎದುರು ನಿಂತು ಒಬ್ಬೊಬ್ಬರ ಹಣೆಯನ್ನೂ ನೋಡಿದೆ. ಎಲ್ಲಿಂದಲೋ ಬಂದ ಹುಡುಗರು, ಬಿಹಾರದವರು, ಒಡಿಶಾದವರು, ನಮ್ಮ ಚಾಮರಾಜನಗರದ ಕಡೆಯವರು. ಅವರ ತಾಯಂದಿರೂ ಎಲ್ಲೋ ಕಾಯುತ್ತಿದ್ದರೇನೋ. ಕೂರ್ಗಳ್ಳಿಗೆ ಹೋದೆ, ಬೆಳವಾಡಿಗೆ ಹೋದೆ. ಚುವೋಲ್ ಅಲ್ಲಿರುವುದಿಲ್ಲ ಅಂತ ನನಗೆ ಗೊತ್ತು. ನನ್ನ ತಲೆ ಕೆಟ್ಟಿರಲಿಲ್ಲ. ಆದರೆ ಹುಡುಕುವುದು ಅಂದರೆ ನಿಜವಾಗಿ ಮುಖ ನೋಡಬೇಕು, ಇಲ್ಲ ಅಂತ ಆದ ಮೇಲೆ ಮುಂದಿನ ಮುಖ ನೋಡಬೇಕು. ಅದನ್ನು ಮಾಡಿದೆ. ಇಲವಾಲದ ಟೀ ಅಂಗಡಿಯ ಹತ್ತಿರ, ಎತ್ತರದ ಕಪ್ಪು ಹುಡುಗನೊಬ್ಬ ಬೈಕಿಗೆ ಒರಗಿ ನಿಂತಿದ್ದ. ಹತ್ತಿರ ಹೋಗಿ ಮಣಿಸರ ಹೊರಗೆ ತೆಗೆದು ತೋರಿಸಿದೆ. ಅವನ ಹಣೆ ನುಣ್ಣಗಿತ್ತು.

"ಅಂಕಲ್, ನಾನು ತಾಂಜಾನಿಯಾ. ಇಲ್ಲಿ ಕಾಲೇಜು" ಎಂದ, ಮುರುಕು ಕನ್ನಡದಲ್ಲಿ. ಆಮೇಲೆ ನನ್ನ ಮುಖ ನೋಡಿ, "ಯಾರು ಬೇಕು?" ಎಂದು ಕೇಳಿದ.

"ಒಬ್ಬ ಹುಡುಗ. ಇಲ್ಲ ಬಿಡು" ಅಂದೆ.

ಅಲ್ಲೇ ರಸ್ತೆಯ ಬದಿ ಸ್ಕೂಟರ್ ನಿಲ್ಲಿಸಿದೆ. ನಡುಮಧ್ಯಾಹ್ನ, ಲಾರಿಗಳ ಓಡಾಟ. ಒಂದು ಹೊಂಗೆಮರದ ಹಿಂದೆ ಹೋಗಿ ಫೋನು ತೆಗೆದೆ.

"ಹುಡುಕ್ದೆ ಕಣಕ್ಕ. ಹಿನಕಲ್‌ನಲ್ಲಿ ಹುಡುಕ್ದೆ. ಹೂಟಗಳ್ಳೀಲಿ ಹುಡುಕ್ದೆ. ಕೂರ್ಗಳ್ಳಿ, ಬೆಳವಾಡಿ ಎಲ್ಲಾ ನೋಡ್ದೆ. ಇಲವಾಲದ ತನಕ ಬಂದಿದ್ದೀನಿ. ಚುವೋಲ್ ಸಿಗ್ಲಿಲ್ಲ ಕಣಕ್ಕ. ನಿನ್ ಮಗ ಸಿಗ್ಲಿಲ್ಲ. ನೀನು ಹೊರಡು."

ಮರಕ್ಕೆ ಒರಗಿಕೊಂಡು ಅತ್ತೆ. ಅವ್ವನಿಗಾಗಿ ಅಳದೆ ಉಳಿದದ್ದೂ ಅದರಲ್ಲಿತ್ತು.

ಒಂದು ವಾರ ಸುದ್ದಿಯಿಲ್ಲ. ಎಂಟನೆಯ ದಿನ ಮೇಷ್ಟ್ರು ಹೇಳಿ ಕಳಿಸಿದರು. ಅವಳು ಆ ಊರುಗಳ ಹೆಸರನ್ನು ಎರಡು ಸಲ ಹೇಳಿಸಿಕೊಂಡಳಂತೆ. ಒಂದೊಂದನ್ನೂ ತಾನೂ ಬಾಯಲ್ಲಿ ಅಂದು ನೋಡಿದಳಂತೆ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ, ಇಲವಾಲ. ನಾಲ್ಕು ವರ್ಷದಲ್ಲಿ ಮೊದಲ ಸಲ ತಂಗಿಯ ಮಡಿಲಲ್ಲಿ ತಲೆಯಿಟ್ಟು ಮಗನಿಗಾಗಿ ಅತ್ತಳಂತೆ. ದೋಣಿ ಹತ್ತುವ ಮುಂಚೆ ಬೀಗದ ಕೈಯನ್ನು ಮೇಷ್ಟ್ರಿಗೆ ಒಪ್ಪಿಸಿ, "ಅಷ್ಟು ದೂರ ಹೋಗಿ ಹುಡುಕಿದನಾ?" ಎಂದು ಕೇಳಿದಳಂತೆ.

ಆ ಊರುಗಳು ಎಲ್ಲಿವೆ ಅಂತ ಭೂಗೋಳದ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಹೌದು, ಬಹಳ ದೂರ, ಎಂದರಂತೆ.